ಹುಳಿ ಮಣ್ಣಿನ ಪಾಲು

ಅಪ್ಪ ತೀರಿಹೋದ ಮರುವರ್ಷ, 2010ರ ಬೇಸಿಗೆಯಲ್ಲಿ, ನಾನೂ ನನ್ನ ತಮ್ಮನೂ ಅಂಕೋಲೆಯ ಹತ್ತಿರದ ನಮ್ಮ ಊರಿನ ನೆಲವನ್ನು ಪಾಲು ಮಾಡಿಕೊಂಡೆವು. ಅಪ್ಪ ಸ್ವಂತ ದುಡಿಮೆಯಲ್ಲಿ ಕೊಂಡ ಒಂದೂವರೆ ಎಕರೆ ಅದು. ಲೆಕ್ಕಕ್ಕೆ ಅರವತ್ತು ಗುಂಟೆ. ಮನೆ ತಮ್ಮನಿಗೆಂದು ಮೊದಲೇ ತೀರ್ಮಾನವಾಗಿತ್ತು. ಆಯಿಯೂ ಅವನ ಜತೆಗೇ ಇದ್ದಳು. ನಾನು ಕಾರವಾರದಲ್ಲಿ ಶಾಲೆಯ ಕೆಲಸದಲ್ಲಿದ್ದವಳು. ಮನೆಯ ಆಸೆ ನನಗಿರಲಿಲ್ಲ. ಆದರೆ ಹೆಣ್ಣುಮಕ್ಕಳಿಗೂ ನೆಲದಲ್ಲಿ ಸಮಪಾಲು ಸಿಗಬೇಕು ಎಂದು ತರಗತಿಯಲ್ಲಿ ಪಾಠ ಹೇಳುವವಳು ನಾನೇ ಪಾಲು ಬಿಟ್ಟುಕೊಟ್ಟರೆ ಹೇಗೆ? ತಮ್ಮ ಒಂದು ಮಾತೂ ಆಡದೆ ಒಪ್ಪಿದ.

ಆ ನೆಲ ಗುಡ್ಡೆಯ ಓರೆಯಿಂದ ಹಳ್ಳದ ದಂಡೆಯವರೆಗೆ ಇಳಿಜಾರಾಗಿ ಚಾಚಿಕೊಂಡಿದೆ. ಮೇಲಿನ ಅರ್ಧ ಜಂಬಿಟ್ಟಿಗೆ ಕಲ್ಲಿನ ಕೆಂಪು ನೆಲ. ಕೆಳಗಿನ ಅರ್ಧ ಹಳ್ಳ ಮಳೆಗಾಲದಲ್ಲಿ ತಂದು ಹಾಕಿದ ಕಪ್ಪು ಮೆಕ್ಕಲು. ಬಾವಿಯೂ ಅಲ್ಲಿಯೇ. ಆಯಿ ಮಾತ್ರ ಒಂದು ಸಲಹೆ ಕೊಟ್ಟಳು: ಗುಡ್ಡೆಯಿಂದ ಹಳ್ಳದವರೆಗೆ ಉದ್ದಕ್ಕೆ ಗೆರೆ ಎಳೆಯಿರಿ, ಇಬ್ಬರಿಗೂ ಮೇಲಿನದೂ ಬರಲಿ, ಕೆಳಗಿನದೂ ಬರಲಿ. ನಾನು ಬೇಡವೆಂದೆ. ಅಷ್ಟು ಸಪೂರದ ಎರಡು ಪಟ್ಟಿ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ; ಅಡ್ಡಕ್ಕೆ ಗೆರೆ ಎಳೆದು, ಮೂವತ್ತು ಗುಂಟೆಗೆ ಮೂವತ್ತು ಗುಂಟೆ, ಚೀಟಿ ಎತ್ತೋಣ ಎಂದೆ. ಓದಿದವಳ ಮಾತಿಗೆ ಎದುರಿರಲಿಲ್ಲ. ತಮ್ಮನ ಮಗಳು, ಆಗಿನ್ನೂ ಎರಡನೆಯ ತರಗತಿಯ ಹುಡುಗಿ, ಚೀಟಿ ಎತ್ತಿದಳು. ಕೆಳಗಿನದು ನನಗೆ ಬಂತು.

ಮೋಸ ಯಾರೂ ಮಾಡಲಿಲ್ಲ. ಅಳತೆ ಸರಿಯಾಗಿತ್ತು, ಚೀಟಿ ಸರಿಯಾಗಿತ್ತು. ಆ ದಿನ ಕಾರವಾರದ ಬಸ್ಸಿನಲ್ಲಿ ಕೂತಾಗ ನ್ಯಾಯವಾಗಿ ನಡೆದುಕೊಂಡೆವು ಎಂಬ ಸಮಾಧಾನವೇ ನನ್ನಲ್ಲಿತ್ತು. ಈ ಪ್ರಬಂಧ ಆ ಸಮಾಧಾನದ ಬಗ್ಗೆ.

ಕೆಳಗಿನ ಮೆಕ್ಕಲಿನಲ್ಲಿ ಅಲ್ಲಿಯವರೆಗೆ ತರಕಾರಿ ಬೆಳೆಯುತ್ತಿದ್ದವಳು ತಮ್ಮನ ಹೆಂಡತಿ. ಮಳೆಗಾಲದ ಭತ್ತ ಕೊಯ್ದ ಮೇಲೆ ಏರಿ ಮಾಡಿ ಹರಿವೆ, ಬದನೆ, ಮೂಲಂಗಿ, ಟೊಮೆಟೊ ಹಾಕುವಳು. ಅಂಕೋಲೆಯ ಪೇಟೆಗೂ, ಆಯ್ತವಾರದ ಕಾರವಾರ ಸಂತೆಗೂ ಬುಟ್ಟಿ ಹೊತ್ತು ಹೋಗುವಳು. ಕೈಯಲ್ಲಿ ಓಡಾಡುವ ನಾಲ್ಕು ಕಾಸು ಆ ಮನೆಗೆ ಬರುತ್ತಿದ್ದುದು ಅದರಿಂದಲೇ. ಪಾಲಾದ ಮೇಲೂ ಅಲ್ಲಿಯೇ ಮಾಡಿಕೊ ಎಂದು ನಾನು ಬಾಯಿಮಾತಿಗೆ ಹೇಳಿದ್ದೆ. ಅವಳು ನಕ್ಕು, "ಅದೀಗ ನಿಮ್ಮ ನೆಲ ಅಲ್ವಾ ಅತ್ತಿಗೆ" ಎಂದಳು. ನಾನು ಎರಡನೆಯ ಸಲ ಹೇಳಲಿಲ್ಲ. ಕೆಳಗೆ ತೆಂಗಿನ ಸಸಿ ನೆಡಿಸಿ ಬಂದೆ. ಅವಳು ಏರಿಗಳನ್ನು ಮೇಲಿನ ಕೆಂಪು ನೆಲಕ್ಕೆ ಒಯ್ದಳು.

ಅಲ್ಲಿ ಬೆಳೆ ಬರಲಿಲ್ಲ. ನೀರು ಹೊತ್ತು ಹಾಕಿದಳು, ಗೊಬ್ಬರ ಹಾಕಿದಳು. ಟೊಮೆಟೊ ಗಿಡ ಮೊಳಕಾಲೆತ್ತರಕ್ಕೆ ನಿಂತುಬಿಡುತ್ತಿತ್ತು. ಮೂಲಂಗಿ ಬೆರಳಿಗಿಂತ ದಪ್ಪವಾಗುತ್ತಿರಲಿಲ್ಲ. ಕಿತ್ತು ನೋಡಿದರೆ ಬೇರು ಮೊಂಡಾಗಿ, ಕವಲೊಡೆಯದೆ ಇರುತ್ತಿತ್ತು. ನೀರಿನ ಕೊರತೆ ಎಂದು ತಮ್ಮ ಹೇಳಿದ. ದೃಷ್ಟಿ ಎಂದು ನೆರೆಯವರು ಹೇಳಿದರು. ಅವಳ ಕೈಗುಣ ಹೋಯಿತು ಎಂದವರೂ ಇದ್ದರು. ಮೊನ್ನೆಮೊನ್ನೆಯವರೆಗೆ ಊರಿಗೆಲ್ಲ ಬದನೆ ಸಸಿ ಕೊಡುತ್ತಿದ್ದವಳಿಗೆ ಆ ಮಾತು ಹೇಗೆ ತಾಗಿರಬಹುದು ಎಂದು ಆಗ ನಾನು ಯೋಚಿಸಲಿಲ್ಲ.

2016ರಲ್ಲಿ ಊರಲ್ಲೆಲ್ಲ ಮಣ್ಣಿನ ಆರೋಗ್ಯ ಚೀಟಿಯ ಮಾತು. ಕೇಂದ್ರ ಸರಕಾರ ಆ ಯೋಜನೆಯನ್ನು ಹಿಂದಿನ ವರ್ಷವಷ್ಟೇ ಆರಂಭಿಸಿತ್ತು. ಬೇಸಿಗೆ ರಜೆಗೆ ಹೋದವಳು ಎರಡೂ ಪಾಲಿನ ಮಣ್ಣನ್ನು ಪರೀಕ್ಷೆಗೆ ಕಳಿಸಿದೆ. ಹತ್ತಾರು ಕಡೆ ಅರ್ಧ ಅಡಿ ಆಳಕ್ಕೆ ಅಗೆದು ತೆಗೆದ ಮಣ್ಣನ್ನು ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅದರಲ್ಲಿ ಅರ್ಧ ಕಿಲೊ ಕಟ್ಟಿಕೊಡಬೇಕು. ಫಲಿತಾಂಶ ಬಂತು. ಕೆಳಗಿನ ಪಾಲಿನ ರಸಸಾರ 6.3, ಮೇಲಿನದು 4.9.

ನಾನು ಬಿ.ಎ., ಬಿ.ಎಡ್. ಓದಿದವಳು. ಕನ್ನಡ ಮತ್ತು ಸಮಾಜ ಪಾಠ ಹೇಳುತ್ತ ಬಂದವಳಿಗೆ ಈ ಅಂಕಿಗಳು ಏನು ಹೇಳುತ್ತವೆಂದು ತಿಳಿಯಲಿಲ್ಲ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಬಿಡಿಸಿ ಹೇಳಿದರು. ರಸಸಾರ, ಅಂದರೆ ಪಿ.ಎಚ್., ಹುಳಿಯನ್ನು ಅಳೆಯುವ ಕೋಲು. ಡೆನ್ಮಾರ್ಕಿನ ಸೊರೆನ್‌ಸೆನ್ ಎಂಬ ರಸಾಯನಶಾಸ್ತ್ರಜ್ಞ 1909ರಲ್ಲಿ, ಬಿಯರ್ ತಯಾರಿಸುವ ಕಂಪನಿಯೊಂದರ ಪ್ರಯೋಗಾಲಯದಲ್ಲಿದ್ದಾಗ, ಇದನ್ನು ರೂಪಿಸಿದ. ಏಳು ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅದಕ್ಕಿಂತ ಕೆಳಗೆ ಇಳಿದಷ್ಟೂ ಹುಳಿ ಹೆಚ್ಚು. ಆದರೆ ಇದು ಗುಂಟೆ ಅಳೆಯುವ ಸರಪಳಿಯಂಥದಲ್ಲ. ಒಂದು ಮೆಟ್ಟಿಲು ಇಳಿದರೆ ಹುಳಿ ಹತ್ತು ಪಟ್ಟು, ಎರಡು ಇಳಿದರೆ ನೂರು ಪಟ್ಟು. 6.3ಕ್ಕೂ 4.9ಕ್ಕೂ ಇರುವ ಅಂತರ ಕಾಗದದ ಮೇಲೆ ಒಂದೂವರೆಗಿಂತ ಕಡಿಮೆ. ಮಣ್ಣಿನಲ್ಲಿ ಇಪ್ಪತ್ತೈದು ಪಟ್ಟು.

ನಮ್ಮ ಕೆಂಪು ನೆಲ ಹುಳಿಯಾದದ್ದು ಮಳೆಯಿಂದ. ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಸಾವಿರಾರು ವರ್ಷಗಳಿಂದ ಆ ನೀರು ಮಣ್ಣಿನೊಳಗಿನ ಸುಣ್ಣದ ಅಂಶವನ್ನೂ ಮೆಗ್ನೀಸಿಯಮ್ಮನ್ನೂ ತೊಳೆದು ಸಮುದ್ರಕ್ಕೆ ಒಯ್ದಿದೆ. ಉಳಿದದ್ದು ಕಬ್ಬಿಣ ಮತ್ತು ಅಲ್ಯುಮಿನಿಯಂ. ಮಣ್ಣಿನ ಕೆಂಪು ಆ ಕಬ್ಬಿಣದ್ದು. 1800–01ರಲ್ಲಿ ನಮ್ಮ ಕರಾವಳಿಯನ್ನೂ ಹಾದುಹೋದ ಫ್ರಾನ್ಸಿಸ್ ಬುಕಾನನ್, ಮಲಬಾರಿನಲ್ಲಿ ಜನ ಈ ಕಲ್ಲನ್ನು ಇಟ್ಟಿಗೆಯಂತೆ ಕಡಿದು ಮನೆ ಕಟ್ಟುವುದನ್ನು ಕಂಡು, ಲ್ಯಾಟಿನ್ ಭಾಷೆಯ ಇಟ್ಟಿಗೆ ಎಂಬ ಪದದಿಂದ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ರಸಸಾರ ಐದೂವರೆಗಿಂತ ಕೆಳಗೆ ಹೋದರೆ ಇದರೊಳಗಿನ ಅಲ್ಯುಮಿನಿಯಂ ಕರಗತೊಡಗುತ್ತದೆ. ಅದು ಬೇರಿನ ತುದಿಗೆ ವಿಷ. ಬೇರು ಮೊಂಡಾಗುವುದು ಅದರಿಂದಲೇ. ಹಾಕಿದ ರಂಜಕವನ್ನೂ ಕಬ್ಬಿಣ, ಅಲ್ಯುಮಿನಿಯಂಗಳು ಹಿಡಿದಿಟ್ಟುಕೊಳ್ಳುತ್ತವೆ. ಗೊಬ್ಬರ ಮಣ್ಣಿನಲ್ಲೇ ಇರುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಅಂದರೆ ಅವಳ ಕೈಗುಣ ಎಲ್ಲಿಗೂ ಹೋಗಿರಲಿಲ್ಲ.

ಹಾಗೆಂದು ಹುಳಿ ಮಣ್ಣು ಕೆಟ್ಟ ಮಣ್ಣೇ? ಅಲ್ಲ. ಅನಾನಸಿಗೆ ನಾಲ್ಕೂವರೆಯಿಂದ ಐದೂವರೆಯ ಹುಳಿಯೇ ಇಷ್ಟ. ಗೇರು ಈ ಗುಡ್ಡೆಗಳಲ್ಲಿ ತನ್ನ ತವರಿನಲ್ಲಿ ಇದ್ದಂತೆ ಇರುತ್ತದೆ. ಅನಾನಸು, ಗೇರು ಎರಡೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದವು ಎಂದರೆ ಈಗ ಯಾರು ನಂಬುತ್ತಾರೆ! ಗೆಣಸು, ಮರಗೆಣಸು, ಅಲಸಂದೆ ಒಂದಿಷ್ಟು ಹುಳಿಯನ್ನು ತಾಳಿಕೊಳ್ಳುತ್ತವೆ. ಟೊಮೆಟೊ, ಮೂಲಂಗಿಗಳಿಗೆ ಆರರ ಆಚೀಚೆ ಬೇಕು. ಹೂಕೋಸು, ಎಲೆಕೋಸು, ಬೀಟ್‌ರೂಟುಗಳಿಗೆ ಇನ್ನೂ ಸ್ವಲ್ಪ ಮೇಲೆ. ಅಂಕೋಲೆಯ ಕರಿ ಇಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಈ ಸೀಮೆಯ ಮಣ್ಣು, ಮಳೆಗಳಿಂದ ಬಿಡಿಸಿ ಆ ಹಣ್ಣನ್ನು ನೋಡಲಾಗದು ಎಂಬುದಕ್ಕೆ ಸಿಕ್ಕ ಮುದ್ರೆ ಅದು. ಇನ್ನು ಮಣ್ಣಿನ ಹುಳಿಗೂ ಹಣ್ಣಿನ ಹುಳಿಗೂ ಸಂಬಂಧವಿಲ್ಲ. ಹುಳಿ ಮಣ್ಣಿನ ಅನಾನಸು ಸಿಹಿಯಾಗಿಯೇ ಇರುತ್ತದೆ.

ಇಷ್ಟನ್ನು ತಿಳಿದುಕೊಂಡ ನಾನು ಮುಂದಿನ ರಜೆಯಲ್ಲಿ ಹುರುಪಿನಿಂದ ಊರಿಗೆ ಹೋದೆ. ಜಗಲಿಯಲ್ಲಿ ಕೂತು ತಮ್ಮನ ಹೆಂಡತಿಗೆ ಉಪದೇಶ ಮಾಡಿದೆ: ನೆಲದ ಸ್ವಭಾವಕ್ಕೆ ವಿರುದ್ಧ ಹೋಗಬಾರದು, ನೆಲಕ್ಕೆ ತಕ್ಕ ಬೆಳೆ ತೆಗೆಯಬೇಕು, ನಿಮ್ಮ ಪಾಲಿನ ಮಣ್ಣು ಅನಾನಸಿಗೆ ಹೇಳಿ ಮಾಡಿಸಿದಂತಿದೆ. ಅವಳು ಅಲಸಂದೆ ಬಿಡಿಸುತ್ತಿದ್ದಳು. ತಲೆಯೆತ್ತದೆ ಕೇಳಿದಳು:

"ಅನಾನಸು ಹಾಕಿದ್ರೆ ಹಣ್ಣಿಗೆ ಒಂದೂವರೆ ವರ್ಷ ಬೇಕು ಅತ್ತಿಗೆ. ಅಲ್ಲಿವರೆಗೆ ಆಯ್ತವಾರದ ಸಂತೆಗೆ ನಾನು ಏನು ಹೊತ್ಕಂಡು ಹೋಗ್ಲಿ?"

ನಾನು ಸುಮ್ಮನಾದೆ. ಒಳಗಿನಿಂದ ಆಯಿ, "ಉದ್ದಕ್ಕೆ ಗೆರೆ ಎಳೀರಿ ಅಂತ ಅವತ್ತೇ ಹೇಳಿದ್ದೆ" ಎಂದಳು.

ಆ ಉಪದೇಶದಲ್ಲಿ ತಪ್ಪೇನಿತ್ತು ಎಂದು ಬಹಳ ದಿನ ಯೋಚಿಸಿದ್ದೇನೆ. ಕೃಷಿಯ ದೃಷ್ಟಿಯಿಂದ ಅದರಲ್ಲಿ ತಪ್ಪಿಲ್ಲ. ಗಜನಿಯ ಉಪ್ಪು ನೀರಿನಲ್ಲಿ ಕಗ್ಗ ಭತ್ತ ಬೆಳೆದ ನಮ್ಮ ಹಿರಿಯರು ಮಾಡಿದ್ದೂ ಅದನ್ನೇ. ಆದರೆ ನೆಲಕ್ಕೆ ತಕ್ಕಂತೆ ಬಾಳು ಎಂದು ಹೇಳುವವರು ಯಾವ ನೆಲದಲ್ಲಿ ನಿಂತು ಹೇಳುತ್ತಿದ್ದಾರೆ ಎಂಬುದನ್ನೂ ನೋಡಬೇಕಲ್ಲವೇ? ಮೆಕ್ಕಲಿನ ಒಡತಿ ಜಂಬಿಟ್ಟಿಗೆಯವಳಿಗೆ ತಾಳಿಕೊಳ್ಳುವ ವಿದ್ಯೆ ಕಲಿಸುತ್ತಿದ್ದಳು. ಕಗ್ಗ ಬೆಳೆದವರು ತಮ್ಮ ನೆಲಕ್ಕೆ ತಾವೇ ಹೊಂದಿಕೊಂಡರು. ಹೊಂದಿಕೊಳ್ಳಿ ಎಂದು ಬೇರೆಯವರು ಬಂದು ಹೇಳಿದ್ದಲ್ಲ.

ಆಮೇಲೆ ನಾನು ಸುಣ್ಣದ ದಾರಿ ಹಿಡಿದೆ. ಹುಳಿಗೆ ಮದ್ದು ಸುಣ್ಣ. ನಮ್ಮ ಕಡೆಯ ಅಳಿವೆಗಳಲ್ಲಿ ಸಿಗುವ ಬಳಚಿನ ಚಿಪ್ಪನ್ನು ಸುಟ್ಟು ಮಾಡುವ ಸುಣ್ಣವೂ ಆದೀತು, ಪೇಟೆಯ ಕೃಷಿ ಸುಣ್ಣವೂ ಆದೀತು. ಹಳಬರು ತರಕಾರಿ ಏರಿಗೆ ಸುಡುಮಣ್ಣನ್ನೂ ಒಲೆಯ ಬೂದಿಯನ್ನೂ ಹಾಕುತ್ತಿದ್ದುದರಲ್ಲಿ ಇದೇ ತಿಳಿವಳಿಕೆ ಇದೆ. ಬೂದಿ ಕ್ಷಾರ, ಜತೆಗೆ ಪೊಟ್ಯಾಶನ್ನೂ ಕೊಡುತ್ತದೆ. ಮೂಟೆ ಸುಣ್ಣ ಕೊಂಡು ಕಳಿಸಿದೆ. ನಾಟಿಗೆ ಕೆಲವು ವಾರ ಮೊದಲೇ ಮಣ್ಣಿಗೆ ಬೆರೆಸಿ, ಸಗಣಿ ಗೊಬ್ಬರದ ಜತೆ ಒಟ್ಟಿಗೆ ಹಾಕಬೇಡಿ, ಸಾರಜನಕ ಆವಿಯಾಗಿ ಹೋಗುತ್ತದೆ ಎಂದು ಚೀಟಿ ಬರೆದಿಟ್ಟೆ. ಬೆಳೆ ಸುಧಾರಿಸಿತು. ಆದರೆ ಸುಣ್ಣ ಒಮ್ಮೆ ಹಾಕಿ ಮುಗಿಯುವ ಮದ್ದಲ್ಲ. ಮಳೆ ಅದನ್ನೂ ತೊಳೆದು ಒಯ್ಯುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಹಾಕಬೇಕು, ಮತ್ತೆ ದುಡ್ಡು. ಪ್ರತಿ ಸಲ ಮೂಟೆ ಬಂದಾಗ ತಮ್ಮ ಅಕ್ಕನ ಉಪಕಾರ ಎನ್ನುತ್ತಿದ್ದ. ಆ ಮಾತು ನನ್ನನ್ನು ಚುಚ್ಚತೊಡಗಿತು. ಅದು ಉಪಕಾರವಾಗಿತ್ತೇ? ಪಾಲಿನಲ್ಲಿ ಹೆಚ್ಚಾಗಿ ಬಂದದ್ದನ್ನು ಕೈಯಲ್ಲಿಟ್ಟುಕೊಂಡು, ಅದರ ಬಡ್ಡಿಯಲ್ಲಿ ಒಂದಿಷ್ಟನ್ನು ದಾನವೆಂದು ಕೊಡುತ್ತಿದ್ದೆ ಅಷ್ಟೆ.

ಚೀಟಿಯಲ್ಲಿ ಬಂದದ್ದು ಅದೃಷ್ಟ, ಅದರಲ್ಲಿ ನಿನ್ನ ತಪ್ಪೇನು ಎಂದು ನನ್ನ ಗೆಳತಿಯೊಬ್ಬಳು ವಾದಿಸಿದಳು. ಆ ಮಾತನ್ನು ನಾನು ಹಗುರವಾಗಿ ತಳ್ಳುವುದಿಲ್ಲ. ಎರಡು ಪಾಲೂ ಸಮವಾಗಿದ್ದು, ಯಾವುದು ಯಾರಿಗೆ ಎಂಬುದಷ್ಟೇ ಉಳಿದಾಗ ಚೀಟಿಗಿಂತ ಒಳ್ಳೆಯ ದಾರಿ ಇಲ್ಲ. ಆದರೆ ಪಾಲುಗಳೇ ಸಮವಿಲ್ಲದಾಗ ಚೀಟಿ ಮಾಡುವುದೇನು? ಅಸಮಾನತೆ ಹಾಗೆಯೇ ಉಳಿಯುತ್ತದೆ. ಅದನ್ನು ಮಾಡಿದವರು ಯಾರೂ ಇಲ್ಲ ಎಂಬಂತೆ ಕಾಣುತ್ತದೆ. ಕೆಳಗಿನದು ಒಳ್ಳೆಯದೆಂದು ನನಗೆ ಗೊತ್ತಿರಲಿಲ್ಲವೇ? ರಸಸಾರ ಗೊತ್ತಿರಲಿಲ್ಲ, ನಿಜ. ಆದರೆ ಅಪ್ಪನ ಪಹಣಿಯಲ್ಲಿ ಕೆಳಗಿನದು ಬಾಗಾಯತ, ಮೇಲಿನದು ಖುಷ್ಕಿ ಎಂದು ಬರೆದದ್ದನ್ನು ನಾನೇ ಓದಿದ್ದೆ. 1862ರಲ್ಲಿ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತು. ಆ ಪ್ರಾಂತದ ಭೂಮಾಪನದವರು ಬರೀ ಸರಪಳಿ ಎಳೆದು ಸುಮ್ಮನಾಗುತ್ತಿರಲಿಲ್ಲ. ಮಣ್ಣಿನ ಆಳ, ಬಣ್ಣ ನೋಡಿ ಆಣೆಗಳ ಲೆಕ್ಕದಲ್ಲಿ ದರ್ಜೆ ಕಟ್ಟಿ ಕಂದಾಯ ನಿಗದಿ ಮಾಡುತ್ತಿದ್ದರು. ತೆರಿಗೆ ವಸೂಲಿಗೆ ಬಂದ ಪರದೇಶಿ ಸರಕಾರ ತಿಳಿದಿದ್ದನ್ನು ಒಡಹುಟ್ಟಿದವಳು ಮರೆತಿದ್ದಳು. ಮರೆತರೆ ನನಗೆ ಲಾಭವಿತ್ತು ಎಂಬುದನ್ನು ಇಲ್ಲಿ ಬರೆಯದಿದ್ದರೆ ಈ ಬರವಣಿಗೆಗೆ ಅರ್ಥವಿಲ್ಲ.

ಗ್ರೀಸಿನ ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಒಂದು ಅಳತೆಕೋಲಿನ ಮಾತು ಎತ್ತುತ್ತಾನೆ. ಲೆಸ್ಬೋಸ್ ದ್ವೀಪದ ಕಟ್ಟಡದವರು ಸೀಸದ ಕೋಲು ಬಳಸುತ್ತಿದ್ದರಂತೆ. ಅದು ಕಲ್ಲಿನ ಉಬ್ಬುತಗ್ಗಿಗೆ ತಕ್ಕಂತೆ ಬಾಗುತ್ತದೆ. ಕಾನೂನಿನ ನೇರಕೋಲು ಎಲ್ಲಿ ಸಾಲದೋ ಅಲ್ಲಿ ಬೇಕಾದ ನ್ಯಾಯ ಇಂಥದು ಎಂದು ಅವನ ಅಭಿಪ್ರಾಯ. ಬಾಗುವ ಕೋಲಿನಿಂದ ಅಪಾಯವೂ ಉಂಟು. ಬಲ್ಲಿದರು ತಮಗೆ ಬೇಕಾದ ಕಡೆಗೆ ಬಾಗಿಸಿಯಾರು. ಆ ಹೆದರಿಕೆಯಿಂದಲೇ ನಾವು ಗುಂಟೆಯನ್ನು ನೆಚ್ಚುತ್ತೇವೆ. ಆದರೆ ಬಾಗದ ಕೋಲೂ ಒಂದು ಕಡೆಯವರಿಗೇ ಅನುಕೂಲ ಮಾಡುವುದುಂಟು ಎಂದು ನನ್ನ ಮೂವತ್ತು ಗುಂಟೆ ನನಗೆ ಕಲಿಸಿತು.

ಈ ಪ್ರಶ್ನೆ ನಮ್ಮ ಮನೆಯದಷ್ಟೇ ಅಲ್ಲ. ಕಾರವಾರ–ಅಂಕೋಲೆಗಳ ನಡುವಿನ ಸೀಬರ್ಡ್ ನೌಕಾನೆಲೆಗೆ 1986ರ ಅಕ್ಟೋಬರಿನಲ್ಲಿ ಪ್ರಧಾನಿ ರಾಜೀವ ಗಾಂಧಿ ಅಡಿಗಲ್ಲು ಹಾಕಿದರು. 2005ರಲ್ಲಿ ಐ.ಎನ್.ಎಸ್. ಕದಂಬ ಕಾರ್ಯಾರಂಭ ಮಾಡಿತು. ಇದಕ್ಕಾಗಿ ನೆಲ ಬಿಟ್ಟ ಕುಟುಂಬಗಳು ಸುಮಾರು ನಾಲ್ಕು ಸಾವಿರ, ಮೀನುಗಾರರು, ರೈತರು. ಪರಿಹಾರದ ಮಾತು ಗುಂಟೆಗೆ ಇಷ್ಟು ಎಂಬ ಲೆಕ್ಕದಲ್ಲಿ ಕೋರ್ಟುಗಳಲ್ಲಿ ವರ್ಷಗಟ್ಟಲೆ ನಡೆಯಿತು. ಗುಂಟೆಯ ಲೆಕ್ಕವಿಲ್ಲದೆ ಕೋರ್ಟಾದರೂ ಏನು ಮಾಡೀತು? ದೇಶಕ್ಕೆ ನೌಕಾನೆಲೆ ಬೇಡವೆಂದೂ ನಾನು ಹೇಳುವವಳಲ್ಲ. ಆದರೆ ಯಾವ ಏರಿಯಲ್ಲಿ ಹರಿವೆ ಚೆನ್ನಾಗಿ ಬರುತ್ತದೆ, ಎಲ್ಲಿ ಬದನೆ ಸೊರಗುತ್ತದೆ ಎಂದು ಮೂರು ತಲೆಮಾರು ಕಲಿತ ತಿಳಿವಳಿಕೆಗೆ ಗುಂಟೆಗೆ ಎಷ್ಟು ದರ? ಅದನ್ನು ಹೊಸ ನೆಲಕ್ಕೆ ಹೊತ್ತೊಯ್ಯಲೂ ಬರುವುದಿಲ್ಲ.

ಶಾಲೆಯಲ್ಲಿ ನಾನು ನಡೆಸಿದ್ದೂ ಒಂದು ಬಗೆಯ ಗುಂಟೆಯ ಲೆಕ್ಕವೇ. ಮನೆಯಲ್ಲಿ ಕೊಂಕಣಿ ಆಡಿ ಬರುವ ಮಗುವಿಗೂ, ಹುಟ್ಟಿದಾಗಿನಿಂದ ಕನ್ನಡ ಪುಸ್ತಕಗಳ ನಡುವೆ ಬೆಳೆದ ಮಗುವಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಮೂರು ತಾಸು. ಕಡಿಮೆ ಅಂಕ ತೆಗೆದವನ ಕೈಗುಣವನ್ನೇ ಎಷ್ಟು ಸಲ ದೂರಿದ್ದೇನೋ. ಮಣ್ಣಿನ ಚೀಟಿ ಬಂದ ಮೇಲೆ ಉತ್ತರಪತ್ರಿಕೆ ತಿದ್ದುವಾಗ ನನ್ನ ಕೆಂಪು ಪೆನ್ನು ಒಂದೊಂದು ಕಡೆ ತಡೆದು ನಿಲ್ಲುತ್ತದೆ. ಅಂಕ ಹೆಚ್ಚು ಕೊಡುವುದಿಲ್ಲ. ಮಗುವನ್ನು ಕರೆದು ಕೇಳುತ್ತೇನೆ.

ಆಯಿ 2019ರಲ್ಲಿ ಹೋದಳು. 2022ರಲ್ಲಿ ನಾನು ತಮ್ಮನಿಗೆ ಹೇಳಿ, ನನ್ನ ಕೆಳಗಿನ ಹದಿನೈದು ಗುಂಟೆಗೆ ಅವನ ಮೇಲಿನ ಹದಿನೈದು ಗುಂಟೆ ಎಂದು ಅದಲುಬದಲಿ ಪತ್ರ ಮಾಡಿಸಿದೆ. ಗುಡ್ಡೆಯಿಂದ ಹಳ್ಳದವರೆಗೆ ಉದ್ದಕ್ಕೆ ಗೆರೆ ಬಿತ್ತು. ಆಯಿ ಹೇಳಿದ ಗೆರೆಯೇ ಅದು, ಹನ್ನೆರಡು ವರ್ಷ ತಡವಾಗಿ. ಸಪೂರದ ಪಟ್ಟಿ ಉಪಯೋಗಕ್ಕೆ ಬಾರದೆಂಬ ನನ್ನ ವಾದವೂ ಸುಳ್ಳಾಯಿತು. ಇದರಲ್ಲಿ ನನ್ನ ತ್ಯಾಗವೇನೂ ಇಲ್ಲ. ಮಗ ಬೆಂಗಳೂರಿನಲ್ಲಿದ್ದಾನೆ, ನೆಲದ ಕಡೆ ಅವನ ಲಕ್ಷ್ಯವಿಲ್ಲ. ಅವನು ಊರಲ್ಲಿದ್ದು ಬೇಸಾಯ ಮಾಡುವವನಾಗಿದ್ದರೆ ನಾನು ಇಷ್ಟು ಸುಲಭವಾಗಿ ಬಿಟ್ಟುಕೊಡುತ್ತಿದ್ದೆನೇ? ಈ ಪ್ರಶ್ನೆಗೆ ನನ್ನಲ್ಲಿ ಖಚಿತ ಉತ್ತರವಿಲ್ಲ.

ಮೇಲಿನ ನನ್ನ ಹದಿನೈದು ಗುಂಟೆಯಲ್ಲಿ ನಾನೂ ಕೈಯಾಡಿಸಿದೆ. ಬೇಗ ಸರಿಪಡಿಸುವ ಆತುರದಲ್ಲಿ ಒಂದು ಮೂಲೆಗೆ ಸುಣ್ಣವನ್ನು ಅಳತೆ ಮೀರಿ ಸುರಿದೆ. ಅಲ್ಲಿ ನೆಟ್ಟ ಅನಾನಸಿನ ಎಳೆ ಎಲೆಗಳು ಬಿಳುಚಿ ಹಳದಿಯಾದವು. ಸುಣ್ಣ ಹೆಚ್ಚಾದರೆ ಕಬ್ಬಿಣ, ಸತುವು ಗಿಡಕ್ಕೆ ದಕ್ಕುವುದಿಲ್ಲ. ಹುಳಿಯನ್ನು ಬಯಸುವ ಗಿಡಕ್ಕೆ ನಾನು ಸುಣ್ಣ ಬಡಿಸಿದ್ದೆ. ತಮ್ಮನ ಹೆಂಡತಿ ಬಂದು ನೋಡಿ, "ಇದಕ್ಕೆ ಸುಣ್ಣ ಬೇಡ ಅಂತ ಚೀಟಿಲಿ ನೀವೇ ಬರೆದಿದ್ರಲ್ಲ ಅತ್ತಿಗೆ" ಎಂದು ನಕ್ಕಳು. ಸುಣ್ಣ ಬೀಳದ ಕಡೆಯ ಸಾಲುಗಳು ಚೆನ್ನಾಗಿ ಬಂದವು. ಕಳೆದ ವರ್ಷ ಎರಡು ಬುಟ್ಟಿ ಹಣ್ಣು ಅವಳ ತರಕಾರಿಯ ಜತೆಗೇ ಸಂತೆಗೆ ಹೋಯಿತು.

ಕೆಳಗಿನ ಮೆಕ್ಕಲಿನಲ್ಲಿ ಈಗ ಮತ್ತೆ ಅವಳ ಏರಿಗಳಿವೆ. ಆದರೆ ಮೊದಲಿನಷ್ಟಿಲ್ಲ. ಪತ್ರ ನೋಂದಣಿಯಾದ ದಿನ ಅವಳಿಗೆ ಖುಷಿಯಾಗಿರಬೇಕು ಎಂದುಕೊಂಡು, ಇನ್ನು ಮೊದಲಿನ ಹಾಗೆ ಹರಿವೆ ಹಾಕಬಹುದು ನೋಡು ಎಂದಿದ್ದೆ. ಅವಳು ಸ್ವಲ್ಪ ಹೊತ್ತು ಬಾವಿಯ ಕಡೆ ನೋಡಿ ಹೇಳಿದಳು: "ಹಾಕ್ತೆ ಅತ್ತಿಗೆ. ಆದ್ರೆ ಈಗ ಮೊಣಕಾಲು ಬಗ್ಗೂದಿಲ್ಲ."